ಆಂಟಿವೈರಸ್‌ನ ಮುಗಿಯದ ಮೂವತ್ತು ದಿನಗಳು

ಪ್ರಶ್ನೆ: ಬದಿಯಡ್ಕದ ಸಮೀಪ ನಾನೊಂದು ಸಣ್ಣ ಡಿಟಿಪಿ ಮತ್ತು ಆನ್‌ಲೈನ್ ಅರ್ಜಿ ಸೇವೆಯ ಅಂಗಡಿ ನಡೆಸುತ್ತಿದ್ದೇನೆ. ವಿಂಡೋಸ್ 10 ಇರುವ ಎರಡು ಕಂಪ್ಯೂಟರುಗಳಿವೆ. ಹೆಸರಾಂತ ಆಂಟಿವೈರಸ್ ಒಂದರ 30 ದಿನಗಳ ಉಚಿತ ಟ್ರಯಲ್ ಹಾಕಿಕೊಂಡಿದ್ದೆ. ಅವಧಿ ಮುಗಿದಾಗ ಪರಿಚಯದ ಹುಡುಗನೊಬ್ಬ ರೀಸೆಟ್ ಮಾಡುವ ಪ್ರೋಗ್ರಾಂ ತಂದುಕೊಟ್ಟ. ಆಂಟಿವೈರಸ್ ಆಫ್ ಮಾಡಿ ಅದನ್ನು ಓಡಿಸಿದರೆ ಮತ್ತೆ 30 ದಿನ ಸಿಗುತ್ತದೆ. ಹದಿನಾಲ್ಕು ತಿಂಗಳಿಂದ ಹೀಗೆಯೇ ನಡೆದಿದೆ. ಈಗ ಕೆಲವು ವಾರಗಳಿಂದ ಗ್ರಾಹಕರ ಪೆನ್‌ಡ್ರೈವ್ ಚುಚ್ಚಿದರೆ ಒಳಗಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗುತ್ತಿವೆ, ಬ್ರೌಸರ್ ತಾನಾಗಿ ಬೇರೆ ಪುಟಗಳಿಗೆ ಹೋಗುತ್ತದೆ. ಆದರೆ ಪರದೆಯ ಮೂಲೆಯಲ್ಲಿ ಹಸಿರು ಗುರುತು ಇದೆ, ಇನ್ನೂ 22 ದಿನ ಬಾಕಿ ಎಂದು ತೋರಿಸುತ್ತದೆ. ರೀಸೆಟ್ ಮಾಡಿದರೆ ತಾರೀಕು ಮಾತ್ರ ಬದಲಾಗುವುದಲ್ಲವೇ, ಅದರಿಂದ ಹಾನಿ ಹೇಗೆ? ವೈರಸ್ ಬಿಡುವವರೂ ಆಂಟಿವೈರಸ್ ಕಂಪನಿಯವರೇ ಎನ್ನುವುದು ನಿಜವೇ? ಫಾರ್ಮ್ಯಾಟ್ ಮಾಡಲೇಬೇಕೇ? ವರ್ಷಕ್ಕೆ ಎರಡು ಲೈಸೆನ್ಸ್ ಕೊಳ್ಳುವಷ್ಟು ಆದಾಯ ಈ ಅಂಗಡಿಯಲ್ಲಿಲ್ಲ.

ಉತ್ತರ: ಕಾಸರಗೋಡು ಜಿಲ್ಲೆಯಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸ ಮಾಡಿಕೊಂಡು ಬಂದವನಾಗಿ ಹೇಳುವುದಾದರೆ, ನಿಮ್ಮ ಪತ್ರದಲ್ಲಿ ಹೊಸದೇನೂ ಇಲ್ಲ, ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಷ್ಟೋ ಅಂಗಡಿಗಳಲ್ಲಿ ಇದೇ ಕಥೆಯನ್ನು ಕೇಳಿದ್ದೇನೆ. ನಿಮ್ಮ ಆತಂಕದಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ. ಟ್ರಯಲ್ ಮುಗಿದರೆ ಕಂಪ್ಯೂಟರ್ ಅನಾಥವಾಗುತ್ತದೆ ಎಂಬ ಭಯ ಒಂದು. ಅದನ್ನು ಹೋಗಲಾಡಿಸಲು ಮಾಡಿದ ಉಪಾಯವೇ ತೊಂದರೆ ತಂದಿತೇ ಎಂಬ ಅನುಮಾನ ಇನ್ನೊಂದು. ಭಯಕ್ಕೆ ಹೆಚ್ಚು ಆಧಾರವಿಲ್ಲ. ಅನುಮಾನ ಮಾತ್ರ ಬಹುಮಟ್ಟಿಗೆ ಸರಿಯಾಗಿದೆ.

ಮೊದಲು ತಾರೀಕಿನ ವಿಷಯ. ಟ್ರಯಲ್ ಆವೃತ್ತಿಯನ್ನು ಹಾಕಿದ ದಿನವನ್ನು ಆಂಟಿವೈರಸ್ ಒಂದೇ ಕಡೆ ಬರೆದಿಡುವುದಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ, ಮರೆಯಲ್ಲಿರುವ ಕೆಲವು ಕಡತಗಳಲ್ಲಿ ಅದನ್ನು ಗೂಢಲಿಪಿಯಲ್ಲಿ ದಾಖಲಿಸುತ್ತದೆ. ಜೊತೆಗೆ ಮದರ್‌ಬೋರ್ಡ್, ಡಿಸ್ಕ್ ಮುಂತಾದವುಗಳ ಗುರುತುಸಂಖ್ಯೆಗಳಿಂದ ನಿಮ್ಮ ಯಂತ್ರಕ್ಕೊಂದು ಬೆರಳಚ್ಚು ತಯಾರಿಸಿ ಕಂಪನಿಯ ಸರ್ವರಿಗೆ ಕಳುಹಿಸುವುದೂ ಉಂಟು. ಅನ್‌ಇನ್‌ಸ್ಟಾಲ್ ಮಾಡಿ ಪುನಃ ಹಾಕಿದರೆ ಟ್ರಯಲ್ ಹೊಸದಾಗಿ ಶುರುವಾಗದಿರುವುದು ಇದೇ ಕಾರಣಕ್ಕೆ. ಕಂಪ್ಯೂಟರಿನ ದಿನಾಂಕವನ್ನೇ ಹಿಂದಕ್ಕೆ ಹಾಕುವವರೂ ಇದ್ದಾರೆ. ಹಾಗೆ ಮಾಡಿದರೆ ಬ್ಯಾಂಕಿನ ಮತ್ತು ಸರಕಾರಿ ಅರ್ಜಿಗಳ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ಸಿಂಧುವಲ್ಲ ಎಂದು ಬ್ರೌಸರ್ ತಕರಾರು ತೆಗೆಯುತ್ತದೆ, ಬಿಲ್ಲುಗಳ ತಾರೀಕು ಅಡ್ಡಾದಿಡ್ಡಿಯಾಗುತ್ತದೆ, ಟ್ರಯಲ್ ಅಂತೂ ಸಾಮಾನ್ಯವಾಗಿ ಮರಳಿ ಬರುವುದಿಲ್ಲ.

ಹಾಗಿದ್ದರೆ ರೀಸೆಟ್ ಪ್ರೋಗ್ರಾಂ ಮಾಡುವುದೇನು? ಇಂದಿನ ಆಂಟಿವೈರಸ್‌ಗಳಿಗೆ ಸ್ವರಕ್ಷಣೆಯ ವ್ಯವಸ್ಥೆಯಿದೆ. ವೈರಸ್ ಬಂದು ತನ್ನನ್ನೇ ಕೆಡಿಸದಂತೆ ತನ್ನ ಕಡತಗಳನ್ನೂ ರಿಜಿಸ್ಟ್ರಿಯ ದಾಖಲೆಗಳನ್ನೂ ಅದು ಕಾಯುತ್ತದೆ. ರೀಸೆಟ್ ಪ್ರೋಗ್ರಾಂ ಅಳಿಸಬೇಕಾದದ್ದು ಅವೇ ದಾಖಲೆಗಳನ್ನು. ಆದ್ದರಿಂದ ಸ್ವರಕ್ಷಣೆಯನ್ನು ನಿಲ್ಲಿಸಿ, ಈ ಫೋಲ್ಡರನ್ನು ಪರೀಕ್ಷಿಸಬೇಡ ಎಂದು ಎಕ್ಸ್‌ಕ್ಲೂಷನ್ ಪಟ್ಟಿಗೆ ಸೇರಿಸಿ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ಎಂದು ಅದರ ಸೂಚನೆ ಹೇಳುತ್ತದೆ. ಈ ಮೂರು ಹೆಜ್ಜೆಗಳನ್ನು ಒಮ್ಮೆ ನಿಧಾನವಾಗಿ ಓದಿನೋಡಿ. ಕಾವಲುಗಾರನ ಕಣ್ಣು ಕಟ್ಟಿ, ಮನೆಯ ಒಂದು ಕೋಣೆಗೆ ಅವನು ಹೋಗಬಾರದೆಂದು ಹೇಳಿ, ಬೀಗದ ಕೈಗೊಂಚಲನ್ನು ಗುರುತಿಲ್ಲದವನ ಕೈಗೆ ಕೊಟ್ಟಂತಾಯಿತು. ನೀವು ಹದಿನಾಲ್ಕು ಬಾರಿ ಹಾಗೆ ಕೊಟ್ಟಿದ್ದೀರಿ. ಆ ಪ್ರೋಗ್ರಾಂ ನಿಮಗೆ 30 ದಿನ ಕೊಟ್ಟಿತೆಂದರೆ ಬೇರೆ ಏನನ್ನೂ ಮಾಡಲಿಲ್ಲವೆಂದು ಅರ್ಥವಲ್ಲ. ಹೇಳಿದ ಕೆಲಸವನ್ನು ಚೊಕ್ಕವಾಗಿ ಮಾಡಿ, ಹೇಳದ ಇನ್ನೊಂದು ಕೆಲಸವನ್ನೂ ಮಾಡುವ ಪ್ರೋಗ್ರಾಂನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ ಎಂಬುದು ಅದನ್ನು ಬರೆಯುವವರಿಗೆ ಚೆನ್ನಾಗಿ ಗೊತ್ತಿದೆ.

ಇಲ್ಲಿ ಒಂದು ಸಾಮಾನ್ಯ ವಾದವಿದೆ. ಇಂಥ ಪ್ರೋಗ್ರಾಂಗಳನ್ನು ಆಂಟಿವೈರಸ್ ಹಿಡಿಯುವುದು ತನ್ನ ವ್ಯಾಪಾರ ಕೆಡುತ್ತದೆಂಬ ಸಿಟ್ಟಿನಿಂದ, ಅವುಗಳಲ್ಲಿ ನಿಜವಾದ ವೈರಸ್ ಇರುವುದಿಲ್ಲ ಎಂದು ಹುಡುಗರು ಹೇಳುತ್ತಾರೆ. ಇದು ಅರ್ಧ ನಿಜ. ಹ್ಯಾಕ್‌ಟೂಲ್, ರಿಸ್ಕ್‌ವೇರ್ ಎಂಬ ಹೆಸರಿನಲ್ಲಿ ಹಿಡಿಯಲ್ಪಡುವ ಪ್ರೋಗ್ರಾಂಗಳಲ್ಲಿ ಕೆಲವು ಲೈಸೆನ್ಸನ್ನು ಮುರಿಯುವುದರ ಹೊರತು ಬೇರೇನೂ ಮಾಡದಿರಬಹುದು. ಆದರೆ ಎಚ್ಚರಿಕೆಯ ಗಂಟೆ ಹೇಗೂ ಬಾರಿಸುತ್ತದೆ, ಬಾರಿಸಿದರೂ ಗಮನಿಸಬೇಡಿ ಎಂದು ಬಳಸುವವನಿಗೆ ಮೊದಲೇ ಹೇಳಿಕೊಟ್ಟಾಗಿದೆ. ಕಳ್ಳನಿಗೆ ಇದಕ್ಕಿಂತ ಅನುಕೂಲದ ಮರೆ ಬೇರೆಲ್ಲಿ ಸಿಕ್ಕೀತು? ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯಲ್ಪಡುವ, ಕಡತಗಳಿಗೆ ಬೀಗ ಜಡಿದು ಬಿಡಿಸಲು ಹಣ ಕೇಳುವ ರಾನ್ಸಮ್‌ವೇರ್ ಲೋಕದಾದ್ಯಂತ ಹರಡಿದ್ದು ಮುಖ್ಯವಾಗಿ ಲೈಸೆನ್ಸ್ ಮುರಿಯುವ ಕ್ರ್ಯಾಕ್ ಮತ್ತು ಕಳ್ಳ ಕೀ ತಯಾರಿಸುವ ಕೀಜೆನ್‌ಗಳ ಬೆನ್ನೇರಿ. ಪಾಸ್‌ವರ್ಡುಗಳನ್ನು ಕದಿಯುವ ರೆಡ್‌ಲೈನ್, ಲುಮ್ಮಾ ಎಂಬ ಎರಡು ಕುಖ್ಯಾತ ಪ್ರೋಗ್ರಾಂಗಳ ಜಾಲವನ್ನು 2024ರ ಅಕ್ಟೋಬರಿನಲ್ಲಿ ಮತ್ತು 2025ರ ಮೇ ತಿಂಗಳಲ್ಲಿ ಹಲವು ದೇಶಗಳ ಅಧಿಕಾರಿಗಳು ಸೇರಿ ಮುರಿದರು. ಅವೂ ಕದ್ದ ಸಾಫ್ಟ್‌ವೇರಿನ ವೇಷದಲ್ಲಿ ಬಹಳ ಮನೆಗಳನ್ನು ಹೊಕ್ಕಿದ್ದವು.

ಕೆಲವು ವರ್ಷಗಳ ಹಿಂದೆ ಕುಂಬಳೆಯ ಕಡೆಯ ಫೋಟೋ ಸ್ಟುಡಿಯೋದವರೊಬ್ಬರು ಹಾರ್ಡ್‌ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿದ್ದರು. ಮೂರು ಮದುವೆಗಳ ಚಿತ್ರಗಳು ಅದರಲ್ಲಿದ್ದವು. ಪ್ರತಿಯೊಂದು ಕಡತದ ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕು ಅಕ್ಷರಗಳು ಅಂಟಿಕೊಂಡಿದ್ದವು. ಪ್ರತಿ ಫೋಲ್ಡರಿನಲ್ಲೂ ಒಂದು ಸಣ್ಣ ಪತ್ರ: 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ 490 ಸಾಕು. ಅವರು ಓಡಿಸಿದ್ದು ಚಿತ್ರ ತಿದ್ದುವ ಸಾಫ್ಟ್‌ವೇರಿನ ಕ್ರ್ಯಾಕ್ ಒಂದನ್ನು, ಅದೂ ಆಂಟಿವೈರಸನ್ನು ಹತ್ತು ನಿಮಿಷ ಆಫ್ ಮಾಡಿ. ಅದರೊಡನೆ ಬಂದ ಸ್ಟಾಪ್ ರಾನ್ಸಮ್‌ವೇರ್ ಪ್ರತಿ ಕಡತದ ಮೊದಲ ಸುಮಾರು 150 ಕೆಬಿಯಷ್ಟನ್ನು ಮಾತ್ರ ಗೂಢಲಿಪಿಗೆ ತಿರುಗಿಸುತ್ತಿದ್ದುದರಿಂದ ದೊಡ್ಡ ವಿಡಿಯೋಗಳಲ್ಲಿ ಕೆಲವನ್ನು ಸರಿಪಡಿಸಲು ಸಾಧ್ಯವಾಯಿತು. ಫೋಟೋಗಳಲ್ಲಿ ಹೆಚ್ಚಿನವು ಅಚ್ಚಿಗೆ ಯೋಗ್ಯವಾಗಿ ಮರಳಲಿಲ್ಲ. ಎಮ್ಸಿಸಾಫ್ಟ್ ಎಂಬ ಸಂಸ್ಥೆ 2019ರ ಅಕ್ಟೋಬರಿನಲ್ಲಿ ಇದರ ಹಳೆಯ ತಳಿಗಳಿಗೆ ಉಚಿತ ಪರಿಹಾರವನ್ನು ಬಿಡುಗಡೆ ಮಾಡಿತ್ತು, ಆದರೆ ಅನಂತರದ ತಳಿಗಳಲ್ಲಿ ಬೀಗದ ಕೈ ಕಳ್ಳನ ಸರ್ವರಿನಲ್ಲೇ ಉಳಿಯುವುದರಿಂದ ಅದು ಎಲ್ಲರಿಗೂ ಒದಗುವುದಿಲ್ಲ. ಮದುಮಕ್ಕಳ ಮನೆಯವರಿಗೆ ಏನು ಹೇಳಲಿ ಎಂದು ಅವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ನಿಮ್ಮ ಯಂತ್ರದ ಹಸಿರು ಗುರುತಿನ ಬಗ್ಗೆ. ಅದು ಹೇಳುವುದು ಪ್ರೋಗ್ರಾಂ ತನ್ನ ಬಗ್ಗೆ ತಾನೇ ತಿಳಿದುಕೊಂಡದ್ದನ್ನು ಮಾತ್ರ. ಕ್ರ್ಯಾಕ್ ಜಾತಿಯ ಪ್ರೋಗ್ರಾಂಗಳು ಕಂಪನಿಯ ಸರ್ವರಿಗೆ ಸುದ್ದಿ ಹೋಗದಂತೆ ತಡೆಯಲು ವಿಂಡೋಸಿನ ಹೋಸ್ಟ್ಸ್ ಎಂಬ ಕಡತದಲ್ಲಿ ಆ ಸರ್ವರುಗಳ ವಿಳಾಸದ ಮುಂದೆ 127.0.0.1 ಎಂದು ಬರೆದುಬಿಡುವುದುಂಟು. ಕಂಪನಿಯನ್ನು ಹುಡುಕಿಕೊಂಡು ಹೊರಟ ಕೋರಿಕೆ ನಿಮ್ಮ ಕಂಪ್ಯೂಟರಿಗೇ ತಿರುಗಿ ಬರುತ್ತದೆ. ಆಗ ಟ್ರಯಲ್ ಮುಗಿದ ಸುದ್ದಿಯೂ ಬರುವುದಿಲ್ಲ, ಹೊಸ ವೈರಸ್‌ಗಳ ಪಟ್ಟಿಯೂ ಬರುವುದಿಲ್ಲ. ಕಂಪನಿಯೇ ನಿಮ್ಮ ಯಂತ್ರದ ಬೆರಳಚ್ಚನ್ನು ಗುರುತಿಸಿ ಅಪ್‌ಡೇಟ್ ನಿಲ್ಲಿಸಿದರೂ ಫಲ ಅದೇ. ಆದ್ದರಿಂದ ದಿನ ಎಷ್ಟು ಬಾಕಿ ಎಂದು ನೋಡುವುದನ್ನು ಬಿಟ್ಟು, ವೈರಸ್ ಡೆಫಿನಿಷನ್, ಎಂದರೆ ಆ ಪಟ್ಟಿ, ಕೊನೆಯದಾಗಿ ಯಾವ ತಾರೀಕಿಗೆ ಅಪ್‌ಡೇಟ್ ಆಗಿದೆ ಎಂದು ನೋಡಿ. ನಿನ್ನೆಯದೋ ಇಂದಿನದೋ ಆಗಿರಬೇಕು. ತಿಂಗಳುಗಳ ಹಿಂದಿನದಾದರೆ ಆ ಆಂಟಿವೈರಸ್ ಹೋದ ಮಳೆಗಾಲಕ್ಕೆ ಅಡಿಕೆಗೆ ಸಿಂಪಡಿಸಲು ಕಲಸಿಟ್ಟ ಬೋರ್ಡೋ ದ್ರಾವಣದಂತೆ: ಡ್ರಮ್ಮಿನಲ್ಲಿ ನೀಲಿ ಬಣ್ಣ ಇದೆ, ಕೊಳೆರೋಗಕ್ಕೆ ಉಪಯೋಗವಿಲ್ಲ. ದ್ರಾವಣಕ್ಕೆ ಚಾಕುವಿನ ಅಲಗು ಅದ್ದಿ ತಾಮ್ರ ಕೂರುತ್ತದೆಯೇ ಎಂದು ನೋಡುವ ಹಾಗೆ ಇದಕ್ಕೂ ಒಂದು ಪರೀಕ್ಷೆಯಿದೆ. ಐಕಾರ್ ಎಂಬ ಸಂಸ್ಥೆಯ 68 ಅಕ್ಷರಗಳ ನಿರಪಾಯದ ಪರೀಕ್ಷಾ ಕಡತವನ್ನು ಆ ಸಂಸ್ಥೆಯ ತಾಣದಿಂದಲೇ ಇಳಿಸಿದರೆ, ಎಚ್ಚರವಾಗಿರುವ ಯಾವ ಆಂಟಿವೈರಸ್ ಆದರೂ ತಕ್ಷಣ ತಡೆಯಬೇಕು. ತಡೆಯದಿದ್ದರೆ ಅದು ನಿದ್ರಿಸುತ್ತಿದೆ. ತಡೆದ ಮಾತ್ರಕ್ಕೆ ಹೊಸ ವೈರಸ್‌ಗಳನ್ನೂ ಬಲ್ಲದು ಎಂದೇನಲ್ಲ, ಅದಕ್ಕೆ ತಾರೀಕೇ ಆಧಾರ.

ಆಂಟಿವೈರಸ್ ಕಂಪನಿಯವರೇ ವೈರಸ್ ಬಿಡುತ್ತಾರೆ ಎನ್ನುವ ಮಾತಿಗೆ ಆಧಾರವಿಲ್ಲ, ಅವರಿಗೆ ಆ ಅಗತ್ಯವೂ ಇಲ್ಲ. ಕದ್ದು ದುಡ್ಡು ಮಾಡುವವರು ಬೇಕಾದಷ್ಟು ಇದ್ದಾರೆ. ಒಂದು ಸ್ವಾರಸ್ಯವನ್ನು ಮಾತ್ರ ಹೇಳಬಹುದು. ಪಿಸಿಗಳ ಮೊದಲ ವೈರಸ್ ಎಂದು ಹೆಸರಾದ ಬ್ರೈನ್ ಅನ್ನು 1986ರಲ್ಲಿ ಬರೆದವರು ಲಾಹೋರಿನಲ್ಲಿ ನಿಮ್ಮಂತೆಯೇ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ ಇಬ್ಬರು ಸಹೋದರರು, ಮತ್ತು ತಮ್ಮ ಸಾಫ್ಟ್‌ವೇರನ್ನು ಕದ್ದು ನಕಲು ಮಾಡುವವರ ಕಾಟ ತಡೆಯಲೆಂದೇ ಅದನ್ನು ಮಾಡಿದ್ದಾಗಿ ಅವರು ಹೇಳಿಕೊಂಡಿದ್ದರು.

ಕಾನೂನಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಟ್ರಯಲ್ ರೀಸೆಟ್ ಲೈಸೆನ್ಸ್ ಒಪ್ಪಂದದ ಉಲ್ಲಂಘನೆ. ಅದಲ್ಲದೆ 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಂತೆ, ಅಕ್ರಮ ಪ್ರತಿ ಎಂದು ತಿಳಿದೂ ಸಾಫ್ಟ್‌ವೇರನ್ನು ಬಳಸಿದರೆ ಏಳು ದಿನಗಳಿಂದ ಮೂರು ವರ್ಷಗಳ ತನಕ ಸಜೆಯೂ 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡವೂ ಇದೆ. ವ್ಯಾಪಾರಕ್ಕಲ್ಲದ ಬಳಕೆಯಾದರೆ ನ್ಯಾಯಾಲಯ ಸಡಿಲಿಕೆ ತೋರಬಹುದು, ಅಂಗಡಿಯವರಿಗೆ ಆ ಆಸರೆ ಸಿಗುವುದು ಕಷ್ಟ. ಆದರೂ ನಿಮ್ಮ ಅಂಗಡಿಗೆ ಮೊದಲು ಬರುವುದು ಪೊಲೀಸರಲ್ಲ, ಆಧಾರ್ ಪ್ರತಿ ಮತ್ತು ಬ್ಯಾಂಕ್ ಪಾಸ್‌ಬುಕ್ಕನ್ನು ನಂಬಿ ಕೊಟ್ಟ ಗ್ರಾಹಕರು.

ಈಗ ಫಾರ್ಮ್ಯಾಟ್ ಬೇಕೇ ಎಂಬ ಪ್ರಶ್ನೆ. ಬೇಕು ಎಂಬುದೇ ನನ್ನ ಅಭಿಪ್ರಾಯ, ಅದೂ ಎರಡೂ ಯಂತ್ರಗಳಿಗೆ. ಶಾರ್ಟ್‌ಕಟ್ ವೈರಸ್ ಒಂದೇ ಆಗಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಅದು ಪೆನ್‌ಡ್ರೈವಿನ ನಿಜವಾದ ಫೋಲ್ಡರನ್ನು ಮರೆಮಾಡಿ ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ; ಕ್ಲಿಕ್ ಮಾಡಿದರೆ ಮೊದಲು ತಾನು ಓಡಿ, ಅನಂತರ ಫೋಲ್ಡರನ್ನೂ ತೆರೆದು ತೋರಿಸುವುದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಳಗಿನ ಬಯಲಾಟದ ಕರಪತ್ರವೋ ಬ್ರಹ್ಮಕಲಶೋತ್ಸವದ ಆಮಂತ್ರಣವೋ ಹಾಗೆಯೇ ಇರುತ್ತದೆ, ಹಿಡನ್ ಕಡತಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿದರೆ ಕಾಣುತ್ತದೆ. ಅದನ್ನು ತೆಗೆಯಲು ಬರುತ್ತದೆ. ಆದರೆ ನಿಮ್ಮ ಕಂಪ್ಯೂಟರುಗಳಲ್ಲಿ ಅಪರಿಚಿತ ಪ್ರೋಗ್ರಾಂ ಒಂದು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಹದಿನಾಲ್ಕು ಬಾರಿ ಓಡಿದೆ, ಬ್ರೌಸರೂ ದಾರಿ ತಪ್ಪುತ್ತಿದೆ. ಇಂಥ ಕಡೆ ಸ್ಕ್ಯಾನ್ ಮಾಡಿ ಸಿಕ್ಕಿದ್ದನ್ನು ಅಳಿಸಿದರೆ ಸಿಗದಿದ್ದದ್ದರ ಬಗ್ಗೆ ಭರವಸೆ ಇರುವುದಿಲ್ಲ.

ಕೆಲಸದ ಕ್ರಮ ಮುಖ್ಯ. ಮೊದಲು ಎರಡೂ ಯಂತ್ರಗಳ ಇಂಟರ್‌ನೆಟ್ ತೆಗೆಯಿರಿ. ಬಳಿಕ ನಿಮ್ಮ ಮೊಬೈಲಿನಿಂದ, ಆ ಕಂಪ್ಯೂಟರುಗಳಿಂದ ಖಂಡಿತ ಅಲ್ಲ, ಇಮೇಲ್, ಬ್ಯಾಂಕ್ ಮತ್ತು ಅರ್ಜಿ ಸಲ್ಲಿಸುವ ತಾಣಗಳ ಪಾಸ್‌ವರ್ಡುಗಳನ್ನು ಬದಲಾಯಿಸಿ, ಎಲ್ಲ ಸಾಧನಗಳಿಂದ ಸೈನ್‌ಔಟ್ ಆಗುವ ಆಯ್ಕೆಯನ್ನೂ ಒತ್ತಿ. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂಗಳು ನೀವು ಲಾಗಿನ್ ಆಗಿದ್ದೀರೆಂದು ತಾಣಕ್ಕೆ ಗುರುತು ಹೇಳುವ ಬ್ರೌಸರಿನ ಕುಕಿಗಳನ್ನೂ ಎತ್ತಿಕೊಂಡು ಹೋಗುವುದರಿಂದ, ಒಟಿಪಿ ಕೇಳದೆಯೇ ನಿಮ್ಮ ಖಾತೆಯೊಳಗೆ ಕೂರಲು ಅವರಿಗೆ ಸಾಧ್ಯವಾಗುತ್ತದೆ. ಸೈನ್‌ಔಟ್ ಮಾಡಿದರೆ ಆ ಕುಕಿಗಳು ನಿಷ್ಪ್ರಯೋಜಕವಾಗುತ್ತವೆ. ಆಮೇಲೆ ನಿಮ್ಮ ಕೆಲಸದ ಕಡತಗಳನ್ನು ಮಾತ್ರ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಆಮಂತ್ರಣ ಪತ್ರಿಕೆಯ ವಿನ್ಯಾಸಗಳು, ಪತ್ರಗಳು, ಚಿತ್ರಗಳು, ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಹಳೆಯ ಕಡತಗಳು ಸಾಕು. ಇನ್‌ಸ್ಟಾಲ್ ಮಾಡುವ ಯಾವ ಪ್ರೋಗ್ರಾಮನ್ನೂ, ಮುಖ್ಯವಾಗಿ ಆ ರೀಸೆಟ್ ಇರುವ ಫೋಲ್ಡರನ್ನು, ಮುಂದಕ್ಕೆ ಬೇಕಾದೀತೆಂದು ಎತ್ತಿಡಬೇಡಿ. ಕೊನೆಗೆ ಬೇರೊಂದು ಸ್ವಚ್ಛ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ತಾಣದಿಂದಲೇ ತಯಾರಿಸಿದ ಪೆನ್‌ಡ್ರೈವ್ ಬಳಸಿ ವಿಂಡೋಸನ್ನು ಹೊಸದಾಗಿ ಹಾಕಿ. ವಿಂಡೋಸನ್ನೂ ಲೈಸೆನ್ಸ್ ಕೊಳ್ಳದೆ ಆಕ್ಟಿವೇಟರ್ ಎಂಬ ಪ್ರೋಗ್ರಾಮಿನಿಂದ ಎಬ್ಬಿಸಿದ್ದಾದರೆ ಇಷ್ಟೆಲ್ಲ ಮಾಡಿ ಮತ್ತೆ ಅದನ್ನೇ ಓಡಿಸುವುದು, ಕೆರೆಯಲ್ಲಿ ಮಿಂದು ಕೆಸರಿನಲ್ಲಿ ನಿಂತ ಹಾಗೆ.

ಫಾರ್ಮ್ಯಾಟಿಗೆ ಎರಡು ದಿನ ತಡವಾಗುವುದಿದ್ದರೆ ಅಷ್ಟರ ತನಕ ಗ್ರಾಹಕರ ಕೆಲಸವನ್ನು ಅವುಗಳಲ್ಲಿ ಮಾಡಬೇಡಿ. ತಕ್ಷಣದ ತಪಾಸಣೆಗೆ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಇದೆ, ವಿಂಡೋಸ್ ಪೂರ್ತಿ ಏಳುವ ಮೊದಲೇ ಅದು ಹುಡುಕುತ್ತದೆ. ಸ್ವಂತ ಕಂಪ್ಯೂಟರಿನಲ್ಲೇ ಭದ್ರತೆಯ ಪುಟ ತೆರೆದಾಗ ಈ ಆಯ್ಕೆಯನ್ನು ನಿಮ್ಮ ಅಡ್ಮಿನಿಸ್ಟ್ರೇಟರ್ ನಿರ್ವಹಿಸುತ್ತಾರೆ ಎಂಬ ಸೂಚನೆ ಕಂಡರೆ ಯಾವುದೋ ಪ್ರೋಗ್ರಾಂ ಡಿಫೆಂಡರನ್ನು ಕಟ್ಟಿಹಾಕಿದೆ ಎಂದು ತಿಳಿಯಬಹುದು. ನಮ್ಮ ದೇಶದ ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲೂ ವೈರಸ್ ತೆಗೆಯುವ ಉಚಿತ ಸಾಧನಗಳು ಸಿಗುತ್ತವೆ.

ಇನ್ನು ಮುಂದಿನ ದಾರಿ. ನಿಮ್ಮ ಪತ್ರ ಓದಿ ಬೇಸರವಾದದ್ದು ಒಂದೇ ಕಾರಣಕ್ಕೆ: ಹದಿನಾಲ್ಕು ತಿಂಗಳು ನೀವು ಕದ್ದು ಪಡೆದದ್ದರ ಬದಲಿ ವ್ಯವಸ್ಥೆ ನಿಮ್ಮ ಕಂಪ್ಯೂಟರಿನಲ್ಲಿ ಮೊದಲೇ ಇತ್ತು. ವಿಂಡೋಸ್ 8ರಿಂದಲೂ, ಎಂದರೆ 2012ರಿಂದ, ಪೂರ್ಣ ಪ್ರಮಾಣದ ಆಂಟಿವೈರಸ್ ವಿಂಡೋಸಿನ ಜೊತೆಗೇ ಬರುತ್ತದೆ. ಬೇರೆ ಕಂಪನಿಯ ಆಂಟಿವೈರಸ್ ಬಂದಾಗ ಡಿಫೆಂಡರ್ ದಾರಿಬಿಟ್ಟು ಪಕ್ಕಕ್ಕೆ ನಿಲ್ಲುತ್ತದೆ, ಅದನ್ನು ಪೂರ್ತಿಯಾಗಿ ತೆಗೆದು ರೀಸ್ಟಾರ್ಟ್ ಮಾಡಿದರೆ ಮರಳಿ ಕೆಲಸಕ್ಕೆ ನಿಲ್ಲುತ್ತದೆ. ಟ್ರಯಲ್ ಮುಗಿದ ಮೇಲೆ ಅದನ್ನು ತೆಗೆಯದೆ ಹಾಗೆಯೇ ಬಿಡುವುದು ಮಾತ್ರ ಕೆಟ್ಟ ಆಯ್ಕೆ, ಏಕೆಂದರೆ ಹಳಬ ಕುರ್ಚಿ ಬಿಡದಿದ್ದರೆ ಡಿಫೆಂಡರ್ ಪೂರ್ತಿಯಾಗಿ ಬಾರದೆ ಹೋಗಬಹುದು. ತೆಗೆಯಲು ಆಯಾ ಕಂಪನಿಯ ತಾಣದಲ್ಲೇ ಪ್ರತ್ಯೇಕ ಸಾಧನ ಇರುತ್ತದೆ. ಎರಡು ಆಂಟಿವೈರಸ್ ಇದ್ದರೆ ಇಮ್ಮಡಿ ರಕ್ಷಣೆ ಎಂದು ತಿಳಿಯಬೇಡಿ. ಎರಡೂ ಒಂದೇ ಕಡತವನ್ನು ತಡೆದು ನಿಲ್ಲಿಸಿಕೊಂಡು ಯಂತ್ರ ತೆವಳುತ್ತದೆ.

ಡಿಫೆಂಡರಿಗೂ ಮಿತಿಗಳಿವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರಿನ ತನಕ ಬರುತ್ತದೆಯಾದರೂ ವಿಂಡೋಸಿನಲ್ಲೇ ಬೀಳುವ ಬಿರುಕುಗಳನ್ನು ಅದು ಮುಚ್ಚುವುದಿಲ್ಲ, ದುಡ್ಡು ಕೊಟ್ಟು ತಂದ ಆಂಟಿವೈರಸ್ ಕೂಡ ಮುಚ್ಚುವುದಿಲ್ಲ. ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಯೋಗ್ಯವಾಗಿದ್ದರೆ ಅದನ್ನೇ ಹಾಕಿ.

ಉಚಿತ ಆವೃತ್ತಿ ಬೇರೆ, ಟ್ರಯಲ್ ಬೇರೆ ಎಂಬುದನ್ನೂ ಗಮನಿಸಿ. ಕೆಲವು ಕಂಪನಿಗಳ ಉಚಿತ ಆಂಟಿವೈರಸಿಗೆ ಅವಧಿಯ ಮಿತಿಯಿಲ್ಲ, ಆದರೆ ಬಹುತೇಕ ಅವು ಮನೆಬಳಕೆಗೆ ಮಾತ್ರ. ಅಂಗಡಿಯಲ್ಲಿ ಹಾಕಿದರೆ ಲೈಸೆನ್ಸ್ ಮುರಿದಂತೆಯೇ. ಉಚಿತದ ಬೆಲೆ ಬೇರೆ ರೂಪದಲ್ಲಿ ತೆರಬೇಕಾಗಿ ಬಂದದ್ದೂ ಇದೆ: ಅವಾಸ್ಟ್ ಬಳಸುತ್ತಿದ್ದವರ ಬ್ರೌಸಿಂಗ್ ಮಾಹಿತಿಯನ್ನು ಅದರ ಅಂಗಸಂಸ್ಥೆ ಜಂಪ್‌ಶಾಟ್ ಮಾರುತ್ತಿದ್ದುದು 2020ರ ಜನವರಿಯಲ್ಲಿ ಬಯಲಾಗಿ, 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ 1.65 ಕೋಟಿ ಡಾಲರ್ ದಂಡ ತೆರಿಸಿತು. ಕೊಳ್ಳುವುದೇ ಆದರೆ ಪರಿಚಿತ ಅಂಗಡಿಯಲ್ಲಿ ಬಿಲ್ಲಿನೊಂದಿಗೆ ಕೊಳ್ಳಿ; ಆನ್‌ಲೈನಿನಲ್ಲಿ ನಂಬಲಾಗದಷ್ಟು ಅಗ್ಗಕ್ಕೆ ಸಿಗುವ ಕೀಗಳು ಎಲ್ಲಿಂದಲೋ ಸೋರಿದವಾಗಿದ್ದು ನಡುವೆಯೇ ರದ್ದಾಗುವುದಿದೆ. ಟ್ರಯಲ್ ಪಡೆಯುವಾಗ ಕಾರ್ಡಿನ ವಿವರ ಕೊಟ್ಟಿದ್ದರೆ ಅವಧಿ ಮುಗಿದೊಡನೆ ದುಡ್ಡು ತಾನಾಗಿ ಕಡಿತವಾಗಬಹುದು. ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕಿನಿಂದ ಬರುವ ಸಂದೇಶವನ್ನು ಓದದೆ ಅಳಿಸಬೇಡಿ.

ಅಂಗಡಿಗೆ ಖರ್ಚಿಲ್ಲದ ಇನ್ನೊಂದು ಏರ್ಪಾಡನ್ನು ನಾನು ಹೆಚ್ಚು ಇಷ್ಟಪಡುತ್ತೇನೆ. ಕೇರಳದ ಶಾಲೆಗಳಲ್ಲಿ, ನಮ್ಮ ಕನ್ನಡ ಮಾಧ್ಯಮದ ಶಾಲೆಗಳೂ ಸೇರಿದಂತೆ, ಮಕ್ಕಳು ಕಲಿಯುವುದು ರಾಜ್ಯ ಸರಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಉಬುಂಟು ಆಧಾರಿತ ಲಿನಕ್ಸಿನಲ್ಲಿ, ಎಂದರೆ ವಿಂಡೋಸಿನ ಬದಲಿಗೆ ಹಾಕಬಹುದಾದ ಉಚಿತ ವ್ಯವಸ್ಥೆಯಲ್ಲಿ. ನಿಮ್ಮ ಮನೆಯ ಹೈಸ್ಕೂಲಿನ ಮಗುವಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತಿರಬಹುದು. ಎರಡು ಕಂಪ್ಯೂಟರುಗಳಲ್ಲಿ ಹಳೆಯದಕ್ಕೆ ಲಿನಕ್ಸ್ ಹಾಕಿ, ಗ್ರಾಹಕರ ಪೆನ್‌ಡ್ರೈವ್ ಮೊದಲು ಅಲ್ಲಿಗೇ ಹೋಗಲಿ. ವಿಂಡೋಸಿಗೆಂದು ಬರೆದ ಶಾರ್ಟ್‌ಕಟ್ ವೈರಸ್ ಅಲ್ಲಿ ಓಡುವುದಿಲ್ಲ, ಮರೆಯಾದ ಫೋಲ್ಡರೂ ನೇರವಾಗಿ ಕಾಣಿಸುತ್ತದೆ. ಬೇಕಾದ ಕಡತವನ್ನಷ್ಟೇ ಆರಿಸಿ ಇನ್ನೊಂದಕ್ಕೆ ಕಳುಹಿಸಬಹುದು. ಬ್ರೌಸರಿನಲ್ಲಿ ತುಂಬುವ ಹೆಚ್ಚಿನ ಅರ್ಜಿಗಳೂ ಅದರಲ್ಲೇ ಆಗುತ್ತವೆ. ವಿನ್ಯಾಸದ ಕೆಲಸಕ್ಕೆ ಮಾತ್ರ ವಿಂಡೋಸ್ ಉಳಿಯಲಿ, ಏಕೆಂದರೆ ನೀವು ಕೈಪಳಗಿಸಿಕೊಂಡ ಸಾಫ್ಟ್‌ವೇರ್ ಲಿನಕ್ಸಿನಲ್ಲಿ ಸಲೀಸಾಗಿ ನಡೆಯಲಾರದು. ಆ ವಿಂಡೋಸಿನಲ್ಲೂ ದಿನದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಖಾತೆಯನ್ನು ಬಳಸಿ. ಇದೊಂದು ಅಭ್ಯಾಸ ಬಹಳಷ್ಟು ವೈರಸ್‌ಗಳನ್ನು ಅಂಗಳದಲ್ಲೇ ನಿಲ್ಲಿಸುತ್ತದೆ.

ನಿಮ್ಮ ಆಂಟಿವೈರಸ್ ಮುಗಿದಿದೆ ಎಂದು ಬ್ರೌಸರಿನ ಮೂಲೆಯಿಂದ ಕೆಂಪಗೆ ಎದ್ದು ಬರುವ ಸೂಚನೆಗಳಲ್ಲಿ ಬಹುಪಾಲು ಸುಳ್ಳು. ಯಾವುದೋ ತಾಣ ಕೇಳಿದಾಗ ನೋಟಿಫಿಕೇಶನ್ನಿಗೆ ಒಪ್ಪಿಗೆ ಕೊಟ್ಟಿದ್ದರ ಫಲ ಅದು. ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿಯನ್ನು ಹಿಂತೆಗೆದುಕೊಂಡರೆ ನಿಲ್ಲುತ್ತದೆ. ಅದರಲ್ಲಿರುವ ಫೋನ್ ನಂಬ್ರಕ್ಕೆ ಕರೆ ಮಾಡಬೇಡಿ. ಈಗಾಗಲೇ ಯಾವುದಾದರೂ ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಕೈಯಿಂದ ಕೈಗೆ ದಾಟುವ ಮೊದಲು ತಡೆಹಿಡಿಯಲು ಮೊದಲ ಗಂಟೆಗಳೇ ಮುಖ್ಯ.

ಉಳಿದದ್ದು ಸ್ವಲ್ಪ ಮುಜುಗರದ ಕೆಲಸ. ಕಳೆದ ಕೆಲವು ವಾರಗಳಲ್ಲಿ ನಿಮ್ಮಲ್ಲಿ ಪೆನ್‌ಡ್ರೈವ್ ಕೊಟ್ಟವರ ಪಟ್ಟಿಯನ್ನು ಬಿಲ್ಲು ಪುಸ್ತಕ ನೋಡಿ ಮಾಡಿ, ಅದನ್ನು ಮನೆಯ ಕಂಪ್ಯೂಟರಿಗೆ ಚುಚ್ಚಬೇಡಿ, ಅಂಗಡಿಗೆ ತಂದರೆ ಉಚಿತವಾಗಿ ಶುಚಿಮಾಡಿ ಕೊಡುತ್ತೇನೆ ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿ. ಲಿನಕ್ಸ್ ಹಾಕಿದ ಯಂತ್ರದಲ್ಲಿ ಒಂದೊಂದಕ್ಕೆ ಐದು ನಿಮಿಷ ಸಾಕು.